ಗುಂಗುರು ಕೂದಲು, ಗಡಸು ನೀರು ಮತ್ತು ಮೈಸೂರಿನ ಒಣಗಾಳಿ

ಕರ್ನಾಟಕದ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ತಲೆಕೂದಲ ಆರೈಕೆಯ ಕ್ರಮ, ಅಂದರೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದು, ಸೀಗೇಪುಡಿಯಲ್ಲಿ ತಿಕ್ಕಿ ತೊಳೆಯುವುದು, ಪೂರ್ತಿ ಒಣಗಿದ ಮೇಲೆ ಬಾಚಿ ಬಿಗಿಯಾಗಿ ಜಡೆ ಹೆಣೆಯುವುದು, ಬಹುಮಟ್ಟಿಗೆ ನೇರವಾದ ಅಥವಾ ಅಲೆಅಲೆಯಾದ ಉದ್ದ ಕೂದಲಿನ ಅನುಭವದಿಂದ ರೂಪುಗೊಂಡದ್ದು. ಬುಡದಿಂದಲೇ ಸುರುಳಿ ಸುತ್ತುವ ಗುಂಗುರು ಕೂದಲಿಗೆ ಇದೇ ಕ್ರಮವನ್ನು ಅನ್ವಯಿಸಿದಾಗ ಅದರ ಕೆಲವು ಅಂಶಗಳು ಬಹಳ ಉಪಯುಕ್ತವಾಗುತ್ತವೆ, ಕೆಲವು ನೇರವಾಗಿ ಹಾನಿ ಮಾಡುತ್ತವೆ. ಯಾವುದು ಯಾವ ಕಡೆಗೆ ಸೇರುತ್ತದೆ ಎಂಬುದನ್ನು ತಿಳಿಯಲು ಕೂದಲಿನ ರಚನೆ, ಊರಿನ ಗಾಳಿ ಮತ್ತು ನಲ್ಲಿಯಲ್ಲಿ ಬರುವ ನೀರು ಈ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಗುಂಗುರು ಕೂದಲು ಈ ನಾಡಿಗೆ ಅಪರೂಪದ್ದಲ್ಲ. ಬಯಲುಸೀಮೆಯ, ಮಲೆನಾಡಿನ, ಕರಾವಳಿಯ ಬಹುತೇಕ ಎಲ್ಲ ಸಮುದಾಯಗಳಲ್ಲೂ ಅದು ಕಾಣಸಿಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೆ ಹತ್ತನೆಯ ಶತಮಾನದ ಶಿಲ್ಪಿಗಳು ಕಡೆದಿರುವುದೂ ಒತ್ತೊತ್ತಾದ ಪುಟ್ಟ ಸುರುಳಿಗಳನ್ನೇ. ಆದರೂ ಕಾವ್ಯದಲ್ಲಿ ಹೊಗಳಿಕೆ ಪಡೆದದ್ದು ಹಣೆಯ ಮೇಲೆ ಇಳಿಬಿದ್ದ ಮುಂಗುರುಳು ಮಾತ್ರ, ತಲೆತುಂಬ ಗುಂಗುರಿದ್ದ ಹುಡುಗಿಗೆ ಮನೆಯಲ್ಲಿ ಸಿಕ್ಕದ್ದು ಎಣ್ಣೆ ಮೆತ್ತಿ ಒತ್ತಿ ಬಾಚುವ ಶಿಕ್ಷೆ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು.

ಅತ್ಯಂತ ಬಿಗಿಯಾದ ಸುರುಳಿಯ ಕೂದಲು ಕರ್ನಾಟಕದಲ್ಲಿ ಸಮುದಾಯದ ಮಟ್ಟದಲ್ಲಿ ಕಾಣುವುದು ಸಿದ್ದಿಗಳಲ್ಲಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮತ್ತು ಜೋಯಿಡಾ ತಾಲೂಕುಗಳಲ್ಲಿ, ಅವಕ್ಕೆ ಹೊಂದಿಕೊಂಡ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿರುವ ಇವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕದ ಪೂರ್ವ ಮತ್ತು ಆಗ್ನೇಯ ತೀರದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಮತ್ತು ಬಿಡುಗಡೆ ಹೊಂದಿದವರು ಘಟ್ಟದ ಕಾಡುಗಳಲ್ಲಿ ಊರು ಕಟ್ಟಿಕೊಂಡರು. ಹಿಂದೂ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳಿಗೆ ಸೇರಿದ, ಕನ್ನಡ, ಕೊಂಕಣಿ ಮೊದಲಾದ ಭಾಷೆಗಳನ್ನಾಡುವ ಈ ಸಮುದಾಯದ ಉತ್ತರ ಕನ್ನಡದವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು, 2020ರ ತಿದ್ದುಪಡಿ ಕಾಯ್ದೆಯ ಮೂಲಕ ಅದು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ವಿಸ್ತರಿಸಿತು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಸೇರಿ 2011ರಲ್ಲಿ ಪ್ರಕಟಿಸಿದ ತಳಿವಿಜ್ಞಾನದ ಅಧ್ಯಯನ ಇವರ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಫ್ರಿಕ ಮೂಲದ್ದೆಂದು ತೋರಿಸಿತು. ಇಂಥ ಕೂದಲಿಗೆ ತಕ್ಕ ಆರೈಕೆಯ ತಿಳಿವಳಿಕೆ ಕನ್ನಡದ ಪುಸ್ತಕ, ಪತ್ರಿಕೆಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮಳೆ ಹೆಚ್ಚಿರುವ ಯಲ್ಲಾಪುರದ ಹಸಿಗಾಳಿಯಲ್ಲಿ ಬೆಳೆದ ಕೂದಲು ಓದಿಗೋ ಕೆಲಸಕ್ಕೋ ಬಂದು ಮೈಸೂರಿನ ಸಿದ್ಧಾರ್ಥನಗರದಂಥ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ನೆಲೆಸಿದರೆ ಬದಲಾಗುವುದು ಬರೀ ವಿಳಾಸವಲ್ಲ, ಆ ಕೂದಲಿನೊಳಗಿನ ನೀರಿನ ಪ್ರಮಾಣವೂ ಬದಲಾಗುತ್ತದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಗುಂಗುರು ಕೂದಲಿನವರಿಗೂ, ವಿಶ್ವವಿದ್ಯಾಲಯಕ್ಕೆ ಓದಲು ಬರುವ ಆಫ್ರಿಕದ ವಿದ್ಯಾರ್ಥಿಗಳಿಗೂ ಪ್ರಶ್ನೆ ಒಂದೇ: ಇಲ್ಲಿನ ಗಾಳಿ, ನೀರಿನಲ್ಲಿ ಕೂದಲಿನ ತೇವವನ್ನು ಉಳಿಸಿಕೊಳ್ಳುವುದು ಹೇಗೆ?

ಕೂದಲಿನ ಎಳೆ ಚರ್ಮದಿಂದ ಹೊರಬಂದ ಮೇಲೆ ಜೀವವಿಲ್ಲದ ವಸ್ತು. ಅದರ ಬಹುಭಾಗ ಕೆರಾಟಿನ್ ಎಂಬ ಪ್ರೋಟೀನು. ನಡುವೆ ದಪ್ಪನಾದ ತಿರುಳು, ಅದರ ಸುತ್ತ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಅರ್ಧರ್ಧ ಹೊದಿಸಿದ ತೆಳುವಾದ ಚಕ್ಕೆಗಳ ಹೊರಪೊರೆ. ಈ ಚಕ್ಕೆಗಳ ಮೇಲ್ಮೈಗೆ ಹುಟ್ಟಿನಿಂದಲೇ ಒಂದು ಬಗೆಯ ಕೊಬ್ಬಿನಾಮ್ಲದ ಅತಿತೆಳು ಲೇಪವಿರುತ್ತದೆ. ಹೊಸ ಕೂದಲು ನುಣುಪಾಗಿರುವುದಕ್ಕೂ ನೀರನ್ನು ಜಾರಿಸುವುದಕ್ಕೂ ಅದೇ ಕಾರಣ. ಕ್ಷಾರ, ಬಣ್ಣ, ಬಿಸಿಲು ಮತ್ತು ತಿಕ್ಕಾಟಗಳಿಂದ ಈ ಲೇಪ ಒಮ್ಮೆ ಹೋದರೆ ದೇಹ ಅದನ್ನು ಮತ್ತೆ ಕೊಡುವುದಿಲ್ಲ.

ನೇರ ಕೂದಲಿನ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ, ಗುಂಗುರು ಕೂದಲಿನದು ಅಂಡಾಕಾರವಾಗಿ ಚಪ್ಪಟೆಯಾಗಿರುತ್ತದೆ, ಅದು ಹುಟ್ಟುವ ಕೂಪವೂ ಚರ್ಮದೊಳಗೇ ಬಾಗಿರುತ್ತದೆ. ಈ ಬಾಗಿನಿಂದ ಎರಡು ಪರಿಣಾಮಗಳಾಗುತ್ತವೆ. ಕೂಪದ ಪಕ್ಕದ ಗ್ರಂಥಿಯಿಂದ ಒಸರುವ ಜಿಡ್ಡು ನೇರ ಕೂದಲಿನಲ್ಲಿ ಸರಾಗವಾಗಿ ಕೆಳಗಿಳಿದು ಎಳೆಯುದ್ದಕ್ಕೂ ಹರಡುತ್ತದೆ, ಸುರುಳಿಯಲ್ಲಾದರೋ ಬುಡದಲ್ಲೇ ನಿಂತುಬಿಡುತ್ತದೆ; ಹೀಗಾಗಿ ನೆತ್ತಿ ಜಿಡ್ಡಾಗಿದ್ದರೂ ತುದಿ ಬರಡಾಗಿರುವುದು ಗುಂಗುರು ಕೂದಲಿನವರಿಗೆಲ್ಲ ಗೊತ್ತಿರುವ ಸಂಗತಿ. ಎರಡನೆಯದಾಗಿ, ಎಳೆ ತಿರುಚಿಕೊಳ್ಳುವ ಪ್ರತಿಯೊಂದು ತಿರುವಿನಲ್ಲೂ ಚಕ್ಕೆಗಳು ತುಸು ಎದ್ದು ನಿಲ್ಲುತ್ತವೆ, ಅಲ್ಲಿಯೇ ಅವು ಸವೆದು ಉದುರುತ್ತವೆ, ಬಾಚಣಿಗೆಯ ಎಳೆತಕ್ಕೆ ಕೂದಲು ತುಂಡಾಗುವುದೂ ಅಲ್ಲಿಯೇ. ಆಫ್ರಿಕ ಮೂಲದವರ ಕೂದಲು ಬೆಳೆಯುವ ವೇಗವೂ ಕಡಿಮೆಯೆಂದು 2001ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವೊಂದು ಅಳೆದು ತೋರಿಸಿತು: ದಿನಕ್ಕೆ ಸರಾಸರಿ 0.26 ಮಿಲಿಮೀಟರಿನಷ್ಟು ಮಾತ್ರ, ಯುರೋಪ್ ಮೂಲದವರದು ಸುಮಾರು 0.4 ಮಿಲಿಮೀಟರ್. ನಿಧಾನ ಬೆಳೆಯುವ ಎಳೆ ಬೇಗ ತುಂಡಾದರೆ ‘ಈ ಕೂದಲು ಉದ್ದವೇ ಬರುವುದಿಲ್ಲ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ನಿಜವಾಗಿ ಅದು ಬರುತ್ತಿರುತ್ತದೆ, ಉಳಿಯುವುದಿಲ್ಲ ಅಷ್ಟೆ.

ಇನ್ನು ತೇವದ ವಿಚಾರ. ಜಾಹೀರಾತುಗಳು ಕೂದಲಿಗೆ ತೇವ ‘ತುಂಬುವ’ ಮಾತಾಡುತ್ತವೆ, ಆದರೆ ಕೂದಲು ತನ್ನೊಳಗೆ ಎಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಸುತ್ತಲಿನ ಗಾಳಿ. ಗಾಳಿ ಹಿಡಿಯಬಲ್ಲ ಪೂರ್ತಿ ನೀರಾವಿಯಲ್ಲಿ ಎಷ್ಟು ಪಾಲು ಸದ್ಯಕ್ಕಿದೆ ಎಂಬ ಲೆಕ್ಕಕ್ಕೆ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಅದು ಶೇ. 65ರಷ್ಟಿದ್ದಾಗ ಕೂದಲು ತನ್ನ ತೂಕದ ಸುಮಾರು ಶೇ. 13ರಿಂದ 15ರಷ್ಟು ನೀರನ್ನು ಹಿಡಿದಿರುತ್ತದೆ, ಆರ್ದ್ರತೆ ಶೇ. 30ಕ್ಕೆ ಇಳಿದರೆ ಈ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಪೂರ್ತಿ ನೆನೆದಾಗ ಶೇ. 30ರ ಆಸುಪಾಸಿಗೆ ಏರುತ್ತದೆ. ಬೆಳಿಗ್ಗೆ ನೆನೆಸಿದ ಕೂದಲು ಮಧ್ಯಾಹ್ನದ ಹೊತ್ತಿಗೆ ಗಾಳಿಗೆ ತಕ್ಕ ಮಟ್ಟಕ್ಕೆ ಮರಳಿಬಿಡುತ್ತದೆ; ಯಾವ ಕ್ರೀಮೂ ಈ ನಿಯಮವನ್ನು ಮೀರಲಾರದು, ನೀರು ಒಳಬರುವ ಮತ್ತು ಹೊರಹೋಗುವ ವೇಗವನ್ನು ಕೊಂಚ ತಗ್ಗಿಸಬಲ್ಲದು. ಕೂದಲು ವಿಜ್ಞಾನಿಗಳು ಗಮನಿಸಿರುವ ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು: ಎರಡು ಕುಚ್ಚು ಕೂದಲನ್ನು ಮುಟ್ಟಿ ನೋಡಿ ಯಾವುದು ಒಣಗಿದೆ ಎಂದು ಹೇಳುವಂತೆ ಕೇಳಿದಾಗ ಜನರು ಹೆಚ್ಚು ನೀರಿರುವ ಕುಚ್ಚನ್ನೇ ‘ಒಣ’ವೆಂದು ಗುರುತಿಸುವುದುಂಟು. ಕಾರಣ, ನೀರು ಹೀರಿದ ಎಳೆ ಉಬ್ಬಿ ಅದರ ಮೇಲ್ಮೈ ಒರಟಾಗುತ್ತದೆ, ಬೆರಳು ಓದುವುದು ಈ ಒರಟನ್ನು. ಆದ್ದರಿಂದ ಕೂದಲು ‘ತೇವವಾಗಿದೆ’ ಎಂದು ನಾವು ಹೇಳುವಾಗ ಬಹುತೇಕ ಹೇಳುತ್ತಿರುವುದು ಅದು ನಯವಾಗಿದೆ, ಬಾಗುತ್ತದೆ, ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ ಎಂದು. ಈ ನಯವನ್ನು ಕಾಪಾಡುವುದೇ ತೇವ ಉಳಿಸುವ ಕೆಲಸದ ಮುಕ್ಕಾಲು ಪಾಲು; ನೀರು ಸುರಿಯುವುದು ಉಳಿದ ಕಾಲು ಪಾಲು.

ಸಿದ್ಧಾರ್ಥನಗರ ಮೈಸೂರಿನ ಪೂರ್ವಭಾಗದಲ್ಲಿ, ಚಾಮುಂಡಿ ಬೆಟ್ಟ ಮತ್ತು ಲಲಿತಮಹಲ್ ಅರಮನೆಯ ದಿಕ್ಕಿಗೆ ಇರುವ ಬಡಾವಣೆ; ಕಾರಂಜಿ ಕೆರೆ ಅಲ್ಲಿಗೆ ದೂರವಿಲ್ಲ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನ ಹವೆಯನ್ನು ಹಿತಕರವೆಂದು ಹೊಗಳುವ ರೂಢಿ ಹಳೆಯದು, ಮೈಗೆ ಅದು ನಿಜವೂ ಹೌದು, ಆದರೆ ಜನವರಿಯಿಂದ ಮೊದಲ ಬೇಸಿಗೆ ಮಳೆಯವರೆಗಿನ ಮಧ್ಯಾಹ್ನಗಳು ಇಲ್ಲಿ ತೀರ ಒಣ. ಆ ತಿಂಗಳುಗಳಲ್ಲಿ ಗ್ಲಿಸರಿನ್ ಬೆರೆತ ಲೇಪಗಳು ಕೈಕೊಡುತ್ತವೆ. ಗ್ಲಿಸರಿನ್, ಜೇನುತುಪ್ಪ ಮುಂತಾದವು ನೀರಿನ ಅಣುಗಳನ್ನು ಸೆಳೆದು ಹಿಡಿಯುವ ವಸ್ತುಗಳು; ಸುತ್ತಲಿನ ಗಾಳಿಯಲ್ಲಿ ನೀರಾವಿ ಇದ್ದರೆ ಅಲ್ಲಿಂದ ಸೆಳೆಯುತ್ತವೆ, ಇಲ್ಲದಿದ್ದರೆ ಸೆಳೆಯಲು ಏನೂ ಇರುವುದಿಲ್ಲ. ಮಂಗಳೂರಿನಲ್ಲಿ ಇದರ ತಿರುವುಮುರುವು: ಅಲ್ಲಿನ ಹಸಿಗಾಳಿಯಲ್ಲಿ ಗ್ಲಿಸರಿನ್ ಅತಿಯಾಗಿ ನೀರೆಳೆದು ಕೂದಲನ್ನು ಉಬ್ಬಿಸುತ್ತದೆ. ಕರಾವಳಿಯ ಗೆಳತಿ ಹೊಗಳಿದ ಸೀಸೆ ಮೈಸೂರಿನವಳಿಗೆ ಒಗ್ಗದಿರುವುದಕ್ಕೆ, ಅಥವಾ ಜುಲೈನಲ್ಲಿ ಒಗ್ಗಿದ್ದು ಮಾರ್ಚಿನಲ್ಲಿ ಒಗ್ಗದಿರುವುದಕ್ಕೆ, ಬೇರೆ ಗೂಢ ಕಾರಣ ಹುಡುಕಬೇಕಿಲ್ಲ.

ನೀರಿನ ಮಾತು ಇನ್ನೂ ಸ್ಥಳೀಯವಾದದ್ದು. ಮೈಸೂರು ನಗರಕ್ಕೆ ವಾಣಿ ವಿಲಾಸ ನೀರು ಸರಬರಾಜು ವ್ಯವಸ್ಥೆಯ ಮೂಲಕ ಬರುವುದು ಕಾವೇರಿ ಮತ್ತು ಕಬಿನಿಯ ನೀರು, ಇವು ಹೋಲಿಕೆಯಲ್ಲಿ ಮೃದು. ಕೊಳವೆಬಾವಿಯ ನೀರು ಬಂಡೆಗಳ ನಡುವೆ ನಿಂತು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಈ ಲವಣಗಳ ಪ್ರಮಾಣವನ್ನೇ ನೀರಿನ ಗಡಸುತನ ಎನ್ನುವುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದೆನ್ನುತ್ತದೆ. ಗೀಸರಿನ ಸುರುಳಿಗೆ ಬಿಳಿ ಕಟ್ಟು ಕಟ್ಟುವ, ಬಕೆಟ್ಟಿನ ಅಂಚಿಗೆ ಬಿಳಿಗೆರೆ ಬೀಳುವ, ಸೋಪು ನೊರೆಯೇಳದ ಮನೆಯಲ್ಲಿ ನೀರು ಗಡಸೆಂದು ಪ್ರಯೋಗಾಲಯವಿಲ್ಲದೆಯೇ ತಿಳಿಯುತ್ತದೆ. ಇಂಥ ನೀರಿನಲ್ಲಿ ಸೋಪು ಹಾಕಿ ತೊಳೆದರೆ ಸೋಪಿನ ಕೊಬ್ಬಿನಾಮ್ಲ ಮತ್ತು ಕ್ಯಾಲ್ಸಿಯಂ ಸೇರಿ ಕರಗದ ಅಂಟು ಕೊಳೆಯಾಗಿ ಎಳೆಗೆ ಅಂಟುತ್ತದೆ.

ಗಡಸು ನೀರು ಕೂದಲನ್ನು ಉದುರಿಸುತ್ತದೆ ಎಂಬ ಜನಜನಿತ ನಂಬಿಕೆಗೆ ಮಾತ್ರ ಆಧಾರ ದುರ್ಬಲ. ಕೊಯಮತ್ತೂರಿನ ಚರ್ಮವೈದ್ಯರು 2013ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗದಲ್ಲಿ ಗಡಸು ನೀರಿನಲ್ಲಿ ಅದ್ದಿದ ಕೂದಲಿಗೂ ಶುದ್ಧ ಬಟ್ಟಿನೀರಿನಲ್ಲಿ ಅದ್ದಿದ ಕೂದಲಿಗೂ ಎಳೆತ ತಡೆಯುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಅದು ನಿರುಪದ್ರವಿಯಲ್ಲ: ಖನಿಜ ಅಂಟಿದ ಹೊರಪೊರೆ ಒರಟಾಗುತ್ತದೆ, ಒರಟಾದ ಸುರುಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಸಿಕ್ಕು ಬಿಡಿಸುವಾಗ ತುಂಡಾಗುತ್ತವೆ. ಕೊಳವೆಬಾವಿಯನ್ನೇ ನಂಬಿದ ಮನೆಗಳವರು ಕಡೆಯ ಒಂದೆರಡು ಚೊಂಬು ನೀರನ್ನಾದರೂ ಕಾವೇರಿಯ ನಲ್ಲಿಯಿಂದ ಹಿಡಿದಿಟ್ಟು ಹಾಕಿಕೊಳ್ಳುವುದು, ಅಥವಾ ಮಳೆಗಾಲದಲ್ಲಿ ತಾರಸಿ ತೊಳೆದು ಹೋದ ಮೇಲಿನ ಮಳೆನೀರನ್ನು ಸಂಗ್ರಹಿಸುವುದು, ಖರ್ಚಿಲ್ಲದ ಪರಿಹಾರ. ಒಂದು ಲೋಟ ನೀರಿಗೆ ಕೆಲವೇ ಹನಿ ನಿಂಬೆರಸ ಬೆರೆಸಿ ಕಡೆಗೆ ಸುರಿದುಕೊಳ್ಳುವ ಮನೆಮದ್ದೂ ನಿರರ್ಥಕವಲ್ಲ, ಆಮ್ಲ ಈ ಲವಣದ ಲೇಪವನ್ನು ಸಡಿಲಿಸುತ್ತದೆ. ಅತಿಯಾದರೆ ನೆತ್ತಿ ಉರಿಯುತ್ತದೆ.

ತೊಳೆಯುವ ವಸ್ತುಗಳ ಪೈಕಿ ಮೈಸೋಪನ್ನು ಗುಂಗುರು ಕೂದಲಿನಿಂದ ದೂರವಿಡುವುದೇ ಸರಿ. ಕೂದಲು ಮತ್ತು ನೆತ್ತಿಯ ಚರ್ಮ ಸ್ವಭಾವತಃ ಆಮ್ಲೀಯ, ಚರ್ಮದ ಪಿಎಚ್ ಸುಮಾರು 5.5, ಎಳೆಯದು ಅದಕ್ಕೂ ಕಡಿಮೆ. ಪಿಎಚ್ ಎಂದರೆ ಆಮ್ಲ–ಕ್ಷಾರಗಳ ಅಳತೆ, 7 ಅದರ ನಡುಬಿಂದು. ಸೋಪಿನ ಪಿಎಚ್ 9ರಿಂದ 10. ಕ್ಷಾರದಲ್ಲಿ ಎಳೆ ಉಬ್ಬಿ ಚಕ್ಕೆಗಳು ಬಾಯಿ ಬಿಡುತ್ತವೆ, ಮೊದಲೇ ತಿರುವುಗಳಲ್ಲಿ ಅವು ಎದ್ದುನಿಂತಿರುವ ಗುಂಗುರು ಕೂದಲಿನಲ್ಲಿ ಈ ಹಾನಿ ಇಮ್ಮಡಿ. ಸೀಗೇಕಾಯಿ ಮತ್ತು ಅಂಟುವಾಳಕಾಯಿಯಲ್ಲಿ ಕೊಳೆ ತೆಗೆಯುವುದು ಸಪೋನಿನ್ ಎಂಬ ನೊರೆಯೇಳಿಸುವ ಸಹಜ ವಸ್ತು, ಅವುಗಳ ಕಷಾಯ ಕ್ಷಾರೀಯವಲ್ಲ. ಆ ಕಾರಣಕ್ಕೆ ಅಜ್ಜಿಯರ ಆಯ್ಕೆಯನ್ನು ಮೆಚ್ಚಬೇಕು. ಮೆಚ್ಚುವಾಗ ಒಂದು ಎಚ್ಚರವೂ ಬೇಕು: ಪುಡಿಯನ್ನು ನೀರಲ್ಲಿ ಕಲಸಿ ಹಾಗೆಯೇ ತಿಕ್ಕಿದರೆ ಅದರ ಒರಟು ಕಣಗಳು ಸುರುಳಿಗಳ ನಡುವೆ ಸಿಕ್ಕಿ ಎಷ್ಟು ತೊಳೆದರೂ ಹೋಗುವುದಿಲ್ಲ, ತಿಕ್ಕಾಟಕ್ಕೆ ಹೊರಪೊರೆ ಸವೆಯುತ್ತದೆ. ನೇರ ಕೂದಲಿನ ಪದ್ಧತಿಯನ್ನು ಇಲ್ಲಿ ತಿದ್ದಿಕೊಳ್ಳಬೇಕು. ಕಾಯಿಗಳನ್ನು ರಾತ್ರಿ ನೆನೆಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿ, ಬರಿಯ ರಸವನ್ನು ಬಳಸಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಎಣ್ಣೆನೀರಿಗೆ ಬಳಸುತ್ತಿದ್ದ ಚಿಗರೆಪುಡಿಗೂ ಇದೇ ಮಾತು ಸಲ್ಲುತ್ತದೆ. ಅಂಗಡಿಯ ಶಾಂಪೂ ಬಳಸುವವರು ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ತೀಕ್ಷ್ಣ ಕೊಳೆನಾಶಕ ಮೊದಲ ಸಾಲುಗಳಲ್ಲಿರುವ ಸೀಸೆಯನ್ನು ಬಿಟ್ಟು ಸೌಮ್ಯವಾದುದನ್ನು ಆರಿಸಿ, ನೊರೆಯನ್ನು ನೆತ್ತಿಗೆ ಮಾತ್ರ ಹಚ್ಚಿದರೆ ಸಾಕು, ತುದಿಗಳಿಗೆ ತೊಳೆಯುವಾಗ ಇಳಿದುಬರುವ ನೊರೆಯೇ ಧಾರಾಳ. ವಾರಕ್ಕೊಮ್ಮೆ, ಬೆವರು ಹೆಚ್ಚಿದ್ದರೆ ಎರಡು ಸಲ. ದಿನವೂ ತಲೆಗೆ ನೀರು ಹಾಕಿಕೊಳ್ಳುವ ಶುಚಿತ್ವದ ಹಟ ಈ ಕೂದಲಿಗೆ ಒಳ್ಳೆಯದಲ್ಲ, ಏಕೆಂದರೆ ಪದೇ ಪದೇ ಉಬ್ಬಿ ಕುಗ್ಗುವುದರಿಂದಲೇ ಎಳೆ ದಣಿಯುತ್ತದೆ.

ಎಣ್ಣೆಯ ವಿಷಯದಲ್ಲಿ ಪರಂಪರೆಗೆ ವಿಜ್ಞಾನದ ಬೆಂಬಲ ಸ್ಪಷ್ಟವಾಗಿದೆ. ನಿತ್ಯ ತಲೆಗೆ ಎಣ್ಣೆ ಹಚ್ಚುವುದರಿಂದ ಕೂದಲು ಗಟ್ಟಿಯಾಗಿ ಉದ್ದವಾಗುತ್ತದೆ ಎಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಯಾವ ಎಣ್ಣೆ ಏನು ಮಾಡುತ್ತದೆ ಎಂಬುದನ್ನು ಅಳೆದದ್ದು ಇತ್ತೀಚೆಗೆ. 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಆರತಿ ರೇಲೆ ಮತ್ತು ಆರ್.ಬಿ. ಮೋಹಿಲೆ ಅವರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ, ತೊಳೆಯುವಾಗ ಮತ್ತು ಬಾಚುವಾಗ ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರವೆಂದು ಕಂಡುಕೊಂಡರು. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ಕವಲಿಲ್ಲದೆ ನೆಟ್ಟಗಿರುವಂಥದು, ಹಾಗಾಗಿ ಹೊರಪೊರೆಯನ್ನು ದಾಟಿ ತಿರುಳಿನೊಳಗೆ ನುಸುಳುತ್ತದೆ, ಒಳಗೆ ನೀರು ಅತಿಯಾಗಿ ನುಗ್ಗುವುದನ್ನು ತಡೆಯುತ್ತದೆ. ಸಂಶೋಧಕರು ಎಣ್ಣೆ ಮಾರುವ ಕಂಪನಿಯವರೇ ಆಗಿದ್ದರೆಂಬುದನ್ನು ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆದರೆ ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿಯುತ್ತದೆ ಎಂಬ ಅಂಶವನ್ನು ಬೇರೆ ಪ್ರಯೋಗಾಲಯಗಳೂ ಖಚಿತಪಡಿಸಿವೆ.

ಮುಖ್ಯವಾದದ್ದು ಹೊತ್ತು. ತಲೆಗೆ ನೀರು ಹಾಕಿಕೊಳ್ಳುವ ಮುಂಚೆ, ಹಿಂದಿನ ರಾತ್ರಿಯೋ ಕನಿಷ್ಠ ಒಂದೆರಡು ಗಂಟೆ ಮೊದಲೋ, ಒಣಗಿದ ಕೂದಲಿನ ಉದ್ದಕ್ಕೂ ಹಚ್ಚಿದ ಎಣ್ಣೆ ಹೆಚ್ಚು ಪ್ರಯೋಜನಕಾರಿ. ಡಿಸೆಂಬರಿನ ಮೈಸೂರಿನಲ್ಲಿ ಸೀಸೆಯೊಳಗೇ ಹೆಪ್ಪುಗಟ್ಟುವ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿಕೊಳ್ಳಬೇಕು, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹರಳೆಣ್ಣೆಯ ಸ್ವಭಾವ ಬೇರೆ. ಅದರ ಬಹುಪಾಲು ರಿಸಿನೋಲಿಕ್ ಆಮ್ಲವಾದ್ದರಿಂದ ಅದು ಮಂದ, ಒಳಗಿಳಿಯುವುದಕ್ಕಿಂತ ಮೇಲೆ ನಿಲ್ಲುವಂಥದು. ತೊಳೆದ ಮೇಲೆ ಇನ್ನೂ ತೇವವಿರುವ ತುದಿಗಳಿಗೆ ಅಂಗೈಗೆ ಅಂಟುವಷ್ಟೇ ಕೊಬ್ಬರಿ ಎಣ್ಣೆಯೊಡನೆ ಬೆರೆಸಿ ಸವರಿದರೆ ನೀರು ಆರುವ ವೇಗ ತಗ್ಗುತ್ತದೆ. ಬರಿಯ ಹರಳೆಣ್ಣೆಯನ್ನು ಗುಂಗುರಿಗೆ ಸುರಿದರೆ ಅದನ್ನು ತೆಗೆಯಲು ಬೇಕಾಗುವ ಸೀಗೇಕಾಯಿಯೇ ಕೂದಲನ್ನು ಒಣಗಿಸಿಬಿಡುತ್ತದೆ.

ಪರಂಪರೆ ತಪ್ಪಿದ್ದು ಎಲ್ಲಿ ಎಂದರೆ, ಎಣ್ಣೆಯನ್ನು ನೆತ್ತಿಗೆ ತಟ್ಟುವುದರಲ್ಲಿ. ಗುಂಗುರು ಕೂದಲಿನಲ್ಲಿ ನೆತ್ತಿಗೆ ಜಿಡ್ಡಿನ ಕೊರತೆ ಇರುವುದಿಲ್ಲ, ಕೊರತೆ ಇರುವುದು ತುದಿಗೆ. ಅಲ್ಲದೆ ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರ ಕೊಬ್ಬಿನಾಮ್ಲಗಳನ್ನೇ ತಿಂದು ಬದುಕುವಂಥದು. ಹೊಟ್ಟನ್ನು ಒಣ ಚರ್ಮವೆಂದು ತಪ್ಪು ತಿಳಿದು ಎಣ್ಣೆ ಸುರಿಯುವವರು ಅದಕ್ಕೆ ಊಟ ಬಡಿಸಿದಂತಾಗುತ್ತದೆ. ಹೊಟ್ಟಿರುವವರು ಕಿಟೊಕೊನಜೋಲಿನಂಥ ಔಷಧವಿರುವ ಶಾಂಪೂವನ್ನು ವೈದ್ಯರ ಸಲಹೆಯಂತೆ ನೆತ್ತಿಗೆ ಬಳಸಿ, ಎಣ್ಣೆಯನ್ನು ಕಿವಿಯಿಂದ ಕೆಳಗಿನ ಕೂದಲಿಗೆ ಸೀಮಿತಗೊಳಿಸುವುದು ಒಳ್ಳೆಯದು.

ತೊಳೆದ ಕೂದಲಿಗೆ ಜಾರುವ ಗುಣ ಮರಳಿ ಕೊಡುವುದು ಕಂಡಿಷನರಿನ ಕೆಲಸ. ಸವೆದ ಹೊರಪೊರೆಯ ಮೇಲೆ ಋಣ ವಿದ್ಯುದಂಶ ಹೆಚ್ಚಿರುತ್ತದೆ, ಕಂಡಿಷನರಿನ ಅಣುಗಳಲ್ಲಿ ಧನ ವಿದ್ಯುದಂಶವಿರುತ್ತದೆ, ಹೀಗಾಗಿ ಅವು ಎಲ್ಲಿ ಹಾನಿ ಹೆಚ್ಚೋ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತವೆ. ಸೀಗೇಕಾಯಿಯ ಕಾಲದಲ್ಲಿ ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದದ್ದು ಲೋಳೆಗಳು. ಮಲೆನಾಡಿನ ಮನೆಗಳಲ್ಲಿ ದಾಸವಾಳದ ಎಲೆಗಳನ್ನು ನೀರಲ್ಲಿ ಹಿಸುಕಿ ತೆಗೆಯುವ ಗೊಂಪು, ಬಯಲುಸೀಮೆಯಲ್ಲಿ ನೆನೆಸಿ ರುಬ್ಬಿದ ಮೆಂತ್ಯ, ಲೋಳೆಸರದ ತಿರುಳು, ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಚಟ್ನಿಪುಡಿಗೆಂದು ಇರುವ ಅಗಸೆಬೀಜವನ್ನು ಕುದಿಸಿದಾಗ ಬಿಡುವ ಅಂಟುದ್ರವ, ಇವೆಲ್ಲವೂ ಉದ್ದನೆಯ ಸಕ್ಕರೆ ಸರಪಳಿಗಳ ಲೋಳೆ. ಅವು ಎಳೆಯ ಮೇಲೆ ತೆಳುಪೊರೆಯಾಗಿ ಕೂತು ಸುರುಳಿಯನ್ನು ಹಿಡಿದಿಡುತ್ತವೆ, ಬೆರಳು ಜಾರುವಂತೆ ಮಾಡುತ್ತವೆ. ಈ ದೇಶೀಯ ಲೋಳೆಗಳು ನಿಜವಾಗಿ ಹೊಂದುವುದು ಗುಂಗುರು ಕೂದಲಿಗೇ ಎನ್ನಬಹುದು, ಅದರಲ್ಲೂ ಅಗಸೆಯ ಲೋಳೆ. ಕುದಿಸಿದ್ದನ್ನು ಬಿಸಿ ಇರುವಾಗಲೇ ಸೋಸಬೇಕು, ಆರಿದರೆ ಬಟ್ಟೆಯಿಂದ ಇಳಿಯುವುದಿಲ್ಲ. ಸಂರಕ್ಷಕವಿಲ್ಲದ್ದರಿಂದ ಫ್ರಿಜ್ಜಿನಲ್ಲಿಟ್ಟರೂ ಒಂದು ವಾರದೊಳಗೆ ಮುಗಿಸಬೇಕು. ರುಬ್ಬಿದ ಮೆಂತ್ಯದ ಸಿಪ್ಪೆ ಸೀಗೇಪುಡಿಯಂತೆಯೇ ಸುರುಳಿಯಲ್ಲಿ ಉಳಿಯುವುದರಿಂದ ಅದನ್ನೂ ಸೋಸಲೇಬೇಕು.

ಒದ್ದೆ ಕೂದಲನ್ನು ಬಾಚಬಾರದು ಎಂಬ ಹಿರಿಯರ ಮಾತು ನೇರ ಕೂದಲಿಗೆ ಸರಿ. ನೀರು ಕುಡಿದ ಎಳೆ ಹಿಗ್ಗಿ ಬೇಗ ತುಂಡಾಗುತ್ತದೆ. ಬಿಗಿ ಸುರುಳಿಯ ಕೂದಲಿನಲ್ಲಿ ಇದು ತಲೆಕೆಳಗಾಗುತ್ತದೆ. ನೆನೆದಾಗ ಸುರುಳಿಗಳು ಸಡಿಲಗೊಂಡು ಎಳೆಗಳ ಸಿಕ್ಕಾಟ ಕಡಿಮೆಯಾಗುವುದರಿಂದ ಅದನ್ನು ಒಣಗಿದಾಗ ಬಾಚಲು ಬೇಕಾಗುವ ಬಲಕ್ಕಿಂತ ನೆನೆದಾಗ ಬೇಕಾಗುವ ಬಲ ಕಡಿಮೆ ಎಂದು 1980ರ ದಶಕದಲ್ಲಿ ನಡೆದ ಅಳತೆಗಳೇ ತೋರಿಸಿವೆ. ಆದ್ದರಿಂದ ಕಂಡಿಷನರೋ ಗೊಂಪೋ ಇನ್ನೂ ಕೂದಲಲ್ಲಿರುವಾಗ, ನಾಲ್ಕಾರು ಪಾಲು ಮಾಡಿ, ಮೊದಲು ಬೆರಳಿನಿಂದ, ಅನಂತರ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಾಗುತ್ತ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಬಾಚಣಿಗೆ ಮುಟ್ಟದಿರುವುದೇ ಲೇಸು. ಹೇನು ಹಣಿಗೆಯಿಂದ ಬಿಗಿ ಗುಂಗುರನ್ನು ಬಾಚುವುದು ಮಗುವಿಗೆ ನೋವು, ಕೂದಲಿಗೆ ನಷ್ಟ. ಹೇನಿಗೆ ಔಷಧವೇ ಮೇಲು.

ಒರಟು ಟವೆಲಿನಿಂದ ತಲೆಯನ್ನು ಬಡಿದು ಒರೆಸುವ ರೂಢಿ, ಒದ್ದೆ ಕೂದಲನ್ನು ಹಿಂಡಿ ತುರುಬು ಕಟ್ಟುವ ಅವಸರ ಇವನ್ನೂ ಬಿಡಬೇಕು. ಹಳೆಯ ನೂಲಿನ ಪಂಚೆ ಅಥವಾ ಟೀಶರ್ಟಿನಲ್ಲಿ ಒತ್ತಿ ನೀರು ತೆಗೆದರೆ ಸಾಕು. ರಾತ್ರಿಯ ಹೊತ್ತು ಹತ್ತಿಯ ದಿಂಬಿನ ಬಟ್ಟೆ ಎಣ್ಣೆಯನ್ನು ಹೀರುತ್ತದೆ, ಎಳೆಗಳನ್ನು ತಿಕ್ಕುತ್ತದೆ. ರೇಷ್ಮೆಯ ತಿಕ್ಕಾಟ ಕಡಿಮೆ. ಮೈಸೂರು ರೇಷ್ಮೆಯ ಊರಿನಲ್ಲಿ ಇದಕ್ಕೆಂದು ಹೊರದೇಶದ ಸ್ಯಾಟಿನ್ ಟೊಪ್ಪಿಗೆ ತರಿಸಿಕೊಳ್ಳುವುದು ವಿಚಿತ್ರವೇ ಸರಿ. ಪೆಟ್ಟಿಗೆಯಲ್ಲಿ ಮಡಿಕೆಗೆ ಹರಿದ ಹಳೆಯ ಸೀರೆಯ ಒಡಲಿನಿಂದ ಜರಿ ಅಂಚನ್ನು ಬಿಟ್ಟು ಒಂದು ತಲೆವಸ್ತ್ರ ಹೊಲಿಸಿಕೊಳ್ಳಬಹುದು. ಜರಿಗೆ ಕೂದಲು ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ರಗಳೆಯ ಬದಲು ಕೂದಲನ್ನೇ ನೇರ ಮಾಡಿಸಿಬಿಡುವ ದಾರಿ ನಗರದ ಬ್ಯೂಟಿ ಪಾರ್ಲರುಗಳಲ್ಲಿ ತೆರೆದೇ ಇರುತ್ತದೆ. ಕಾದ ಇಸ್ತ್ರಿಪಟ್ಟಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಒದ್ದೆಯಿರುವ ಎಳೆಗೆ ಅದನ್ನು ಒತ್ತಿದರೆ ಒಳಗಿನ ನೀರು ಆವಿಯಾಗಿ ಎಳೆಯಲ್ಲೇ ಗುಳ್ಳೆಗಳೇಳುತ್ತವೆ. ಶಾಶ್ವತ ನೇರಗೊಳಿಕೆಯ ರಾಸಾಯನಿಕಗಳು ಕೆರಾಟಿನ್ನಿನ ಗಂಧಕದ ಕೊಂಡಿಗಳನ್ನು ಮುರಿಯುತ್ತವೆ, ಆಮೇಲೆ ಆ ಎಳೆ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂಬ ಹಿತವಾದ ಹೆಸರಿನ ಅನೇಕ ಲೇಪಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪಗಳಿಂದ ಮೂತ್ರಪಿಂಡಕ್ಕೆ ಹಠಾತ್ ಹಾನಿಯಾದ ಪ್ರಕರಣಗಳನ್ನು ಇಸ್ರೇಲಿನ ಮತ್ತು ಫ್ರಾನ್ಸಿನ ವೈದ್ಯರು 2023 ಮತ್ತು 2024ರಲ್ಲಿ ವರದಿ ಮಾಡಿದ್ದಾರೆ. ಇಲ್ಲಿ ಸೌಂದರ್ಯದ ಪ್ರಶ್ನೆಯ ಜೊತೆಗೆ ಘನತೆಯ ಪ್ರಶ್ನೆಯೂ ಇದೆ. ಗುಂಗುರು ಅಥವಾ ಹೆಣೆದ ಕೂದಲಿನ ಕಾರಣಕ್ಕೆ ಶಾಲೆ, ಉದ್ಯೋಗಗಳಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುವ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯ 2019ರಲ್ಲಿ ಮಾಡಿತು. ನಮ್ಮಲ್ಲಿ ಎರಡು ಜಡೆ ಬಿಗಿದು ಮಡಚಿ ಕಟ್ಟಲೇಬೇಕೆಂಬ ಶಾಲೆಯ ನಿಯಮ ಬಿಗಿ ಗುಂಗುರಿನ ಹೆಣ್ಣುಮಗುವಿಗೆ ಏನು ಮಾಡುತ್ತದೆ ಎಂದು ಕೇಳುವವರು ಇನ್ನೂ ಕಡಿಮೆ.

ಆ ಬಿಗಿತ ಬರಿಯ ಕಿರಿಕಿರಿಯಲ್ಲ. ವರ್ಷಾನುಗಟ್ಟಲೆ ಒಂದೇ ಕಡೆಗೆ ಎಳೆದು ಕಟ್ಟಿದರೆ ಹಣೆಯ ಅಂಚಿನಲ್ಲಿ ಮತ್ತು ಕಣತಲೆಯ ಬಳಿ ಕೂದಲು ವಿರಳವಾಗುತ್ತ ಬರುತ್ತದೆ, ಇದನ್ನು ಎಳೆತದ ಕೂದಲುದುರುವಿಕೆ ಎನ್ನುತ್ತಾರೆ. ಆರಂಭದಲ್ಲಿ ಕಟ್ಟು ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ, ಕೂಪದಲ್ಲಿ ಕಲೆ ಕಟ್ಟಿದ ಮೇಲೆ ಯಾವ ಎಣ್ಣೆಯೂ ಅದನ್ನು ತರಲಾರದು. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ, ಉರಿ ಅಥವಾ ನುಣುಪಾದ ಬೋಳು ಕಂಡರೆ ಚರ್ಮವೈದ್ಯರನ್ನು ಕಾಣಲು ತಡಮಾಡಬಾರದು. ಉಳಿದಂತೆ, ಈಗಾಗಲೇ ಸವೆದು ಕವಲೊಡೆದ ತುದಿಯನ್ನು ಯಾವ ಲೇಪವೂ ಕೂಡಿಸಲಾರದ್ದರಿಂದ ಅದನ್ನು ಕತ್ತರಿಸುವುದೊಂದೇ ದಾರಿ. ಹೊಸ ಕ್ರಮ ಹಿಡಿದವರು ಫಲವನ್ನು ಬುಡದ ಕಡೆ ಹುಡುಕಬೇಕು: ಬಿಗಿ ಸುರುಳಿಯ ಕೂದಲು ತಿಂಗಳಿಗೆ ಬೆಳೆಯುವುದು ಮುಕ್ಕಾಲು ಸೆಂಟಿಮೀಟರಿನಷ್ಟೇ ಆದ್ದರಿಂದ, ಯುಗಾದಿಯಲ್ಲಿ ಶುರು ಮಾಡಿದ ಆರೈಕೆಯಿಂದ ಮುಂದಿನ ಯುಗಾದಿಯ ಹೊತ್ತಿಗೆ ಎಳೆದು ಅಳೆದರೆ ಸುಮಾರು ಒಂಬತ್ತು ಸೆಂಟಿಮೀಟರ್ ಹೊಸ ಕೂದಲು ಕೈಗೆ ಸಿಕ್ಕೀತು.